ರೇನ್‌ಕೋಟು ತೊಟ್ಟು ಒಳಹೋದವರು

ಕ್ಯಾಥರಿನ್ ಬಿಗೆಲೊ ನಿರ್ದೇಶಿಸಿದ 'ಕೆ-19: ದಿ ವಿಡೋಮೇಕರ್' (2002) ಸಿನಿಮಾದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಉಡುಪು. ಸೋವಿಯತ್ ಅಣು ಜಲಾಂತರ್ಗಾಮಿಯ ರಿಯಾಕ್ಟರ್ ಕಾಯುತ್ತಿದೆ, ತಂಪು ಮಾಡುವ ವ್ಯವಸ್ಥೆ ಕೆಟ್ಟಿದೆ. ಯಾರಾದರೂ ಒಳಗೆ ಹೋಗಿ ಹೊಸ ಕೊಳವೆಯನ್ನು ವೆಲ್ಡಿಂಗ್ ಮಾಡಬೇಕು. ಆಗ ಗೊತ್ತಾಗುತ್ತದೆ, ಹಡಗಿನಲ್ಲಿ ವಿಕಿರಣ ತಡೆಯುವ ಉಡುಪೇ ಇಲ್ಲ. ಉಗ್ರಾಣದಿಂದ ಬಂದಿರುವುದು ರಾಸಾಯನಿಕಗಳಿಂದ ಕಾಯುವ ಉಡುಪು. ವಿಕಿರಣದ ಮುಂದೆ ಅದೂ ಒಂದೇ, ಮಳೆಗೆ ತೊಡುವ ರೇನ್‌ಕೋಟೂ ಒಂದೇ.

ನನ್ನ ಪಿಎಚ್.ಡಿ. ವಿಷಯ ಕನ್ನಡ ಕಥನದಲ್ಲಿ ದೈಹಿಕ ದುಡಿಮೆಯ ಚಿತ್ರಣ. ಹಾಗಾಗಿ ಯುದ್ಧದ ಸಿನಿಮಾ ನೋಡುವಾಗಲೂ ಕಣ್ಣು ಹೋಗುವುದು ಸೇನಾಪತಿಯ ಕಡೆಗಲ್ಲ, ಸ್ಪ್ಯಾನರ್ ಹಿಡಿದವನ ಕಡೆಗೆ. ಆ ಲೆಕ್ಕದಲ್ಲಿ ಈ ಚಿತ್ರದ ನಡುಭಾಗ ಅಪರೂಪದ್ದು. ಇಬ್ಬಿಬ್ಬರು ಹತ್ತು ನಿಮಿಷದ ಪಾಳಿಯಲ್ಲಿ ಒಳಗೆ ಹೋಗುತ್ತಾರೆ. ಹೊರಬಂದ ಮೊದಲ ಜೋಡಿ ವಾಂತಿ ಮಾಡಿಕೊಂಡು ಕುಸಿಯುತ್ತದೆ. ಬಾಗಿಲಲ್ಲಿ ಸರದಿ ಕಾಯುತ್ತಿರುವವರು ಅದನ್ನು ನೋಡುತ್ತಾರೆ, ನೋಡಿಯೂ ಒಳಗೆ ಹೋಗಬೇಕು. ಇಲ್ಲಿ ಬಿಗೆಲೊಗೆ ಸಂಭಾಷಣೆಯ ಹಂಗಿಲ್ಲ.

ನಡೆದ ಸಂಗತಿ ಇಷ್ಟು. 1961ರ ಜುಲೈ 4ರಂದು, ಉತ್ತರ ಅಟ್ಲಾಂಟಿಕ್‌ನಲ್ಲಿ, ಕೆ-19ರ ಒಂದು ರಿಯಾಕ್ಟರಿನ ತಂಪುನೀರಿನ ಒತ್ತಡ ಸೊನ್ನೆಗೆ ಇಳಿಯಿತು. ಪರ್ಯಾಯ ತಂಪು ವ್ಯವಸ್ಥೆಯನ್ನು ಅಳವಡಿಸಿಯೇ ಇರಲಿಲ್ಲ. ಮಾಸ್ಕೋಗೆ ತಿಳಿಸೋಣವೆಂದರೆ ದೂರದ ರೇಡಿಯೊ ಕೆಟ್ಟಿತ್ತು. ಕ್ಯಾಪ್ಟನ್ ನಿಕೊಲಾಯ್ ಝತೆಯೆವ್ ತನ್ನವರನ್ನೇ ಒಳಗೆ ಕಳಿಸಿದ. ರಿಯಾಕ್ಟರ್ ತಣಿಯಿತು. ಒಳಹೋದವರಲ್ಲಿ ಎಂಟು ಮಂದಿ ಮೂರು ವಾರ ತುಂಬುವುದರೊಳಗೆ ಸತ್ತರು. ಬದುಕಿದವರು ಈ ವಿಷಯವನ್ನು ದಶಕಗಳ ಕಾಲ ಬಾಯಿಬಿಡುವಂತಿರಲಿಲ್ಲ.

ಇಷ್ಟು ಸಾಮಗ್ರಿ ಕೈಯಲ್ಲಿದ್ದೂ ಚಿತ್ರ ಅದನ್ನು ನಂಬುವುದಿಲ್ಲ. ಹ್ಯಾರಿಸನ್ ಫೋರ್ಡ್ ಮತ್ತು ಲಿಯಾಮ್ ನೀಸನ್ ಎಂಬ ಇಬ್ಬರು ತಾರೆಯರಿದ್ದಾರೆ, ಅವರಿಗೆ ಜಗಳ ಬೇಕು. ಒಬ್ಬ ನಿಷ್ಠುರ ಕ್ಯಾಪ್ಟನ್, ಇನ್ನೊಬ್ಬ ಹುಡುಗರ ಮೆಚ್ಚಿನವ. ನಡುವೆ ಒಂದು ದಂಗೆಯನ್ನೂ ಕಟ್ಟಿದ್ದಾರೆ. ನಿಜದಲ್ಲಿ ದಂಗೆ ಆಗಲಿಲ್ಲ. ಆದೀತೆಂಬ ಅಂಜಿಕೆಯಿಂದ ಝತೆಯೆವ್ ಹಡಗಿನ ಬಹುಪಾಲು ಬಂದೂಕುಗಳನ್ನು ಸಮುದ್ರಕ್ಕೆ ಎಸೆಸಿದ್ದ. ಆ ಎಸೆತದಲ್ಲಿರುವ ಭಯ ಕೃತಕ ದಂಗೆಯಲ್ಲಿಲ್ಲ. ಸಾಲದ್ದಕ್ಕೆ, ರಿಯಾಕ್ಟರ್ ಕರಗಿದರೆ ಸಿಡಿತಲೆಗಳು ಸ್ಫೋಟಿಸಿ ಮಹಾಯುದ್ಧವೇ ಶುರುವಾದೀತು ಎನ್ನುವ ಹೆದರಿಕೆ ಬೇರೆ. ಜೊತೆಗಿದ್ದ ನೂರಮೂವತ್ತು ಜನರನ್ನು ಉಳಿಸಲು ಎಂಟು ಜನ ಸತ್ತರು ಎಂದರೆ ಸಾಲುವುದಿಲ್ಲವೇ? ಲೋಕವನ್ನೇ ಉಳಿಸಿದರು ಎನ್ನಬೇಕೇ?

ಎಲ್ಲರೂ ರಷ್ಯನ್ ಧಾಟಿಯ ಇಂಗ್ಲಿಷ್ ಆಡುವುದನ್ನು ಹಲವರು ಗೇಲಿ ಮಾಡಿದ್ದಾರೆ. ಅರಸನಿಂದ ಆಳಿನವರೆಗೆ ಎಲ್ಲರೂ ಗ್ರಾಂಥಿಕ ಕನ್ನಡವನ್ನೇ ಆಡುವ ನಮ್ಮ ಐತಿಹಾಸಿಕ ಚಿತ್ರಗಳನ್ನು ನೋಡಿ ಬೆಳೆದ ನನಗೆ ಅದು ತೊಡಕೆನಿಸಲಿಲ್ಲ.

ತೊಡಕೆನಿಸಿದ್ದು ವಾದಿಮ್ ಎಂಬ ಎಳೆಯ ರಿಯಾಕ್ಟರ್ ಅಧಿಕಾರಿಯ ಪಾತ್ರ. ಪೀಟರ್ ಸಾರ್ಸ್‌ಗಾರ್ಡ್ ಅದನ್ನು ಚೆನ್ನಾಗಿಯೇ ಮಾಡಿದ್ದಾನೆ. ವಾದಿಮ್ ಮೊದಲು ಹೆದರಿ ಹಿಂದೆ ಸರಿಯುತ್ತಾನೆ, ಆಮೇಲೆ ಪಶ್ಚಾತ್ತಾಪದಿಂದ ಒಬ್ಬನೇ ನುಗ್ಗುತ್ತಾನೆ. ಈ ಪಾತ್ರದ ಹಿಂದಿರುವ ಲೆಫ್ಟಿನೆಂಟ್ ಬೋರಿಸ್ ಕೊರ್ಚಿಲೋವ್ ಹಿಂದೆ ಸರಿದವನಲ್ಲ; ತಾನಾಗಿಯೇ ಮುಂದೆ ಬಂದವನು. ಹೇಡಿ ವೀರನಾಗುವುದು ಕತೆಗೆ ಅನುಕೂಲ. ಗೊತ್ತಿದ್ದೂ ಒಳಗೆ ಹೋದವನಿಗೆ ಅಂಥ ಏರಿಳಿತ ಇರುವುದಿಲ್ಲ, ಅದಕ್ಕೇ ಅವನನ್ನು ಬರೆಯುವುದು ಕಷ್ಟ.

ಗೊತ್ತಿರುವುದು ಎಂದೆ. ನಮ್ಮ ತುರುವೇಕೆರೆ ಕಡೆ ತೆಂಗಿನ ತೋಟಗಳಲ್ಲಿ ತೆರೆದ ಬಾವಿಗಳಿದ್ದ ಕಾಲಕ್ಕೆ ಒಂದು ರೂಢಿಯಿತ್ತು. ಬಹುಕಾಲ ಬಳಸದ ಬಾವಿಯ ಹೂಳೆತ್ತಲು ಆಳು ಇಳಿಯುವ ಮೊದಲು ಹಗ್ಗಕ್ಕೆ ಕಟ್ಟಿ ಉರಿಯುವ ಲಾಟೀನು ಬಿಡುತ್ತಿದ್ದರು. "ದೀಪ ಕೆಟ್ರೆ ಇಳೀಬ್ಯಾಡ ಕಣ್ಲಾ" ಎನ್ನುತ್ತಿದ್ದರಂತೆ ನಮ್ಮ ತಾತ. ತೋಟ ಯಾರದೇ ಆಗಲಿ, ದೀಪ ಕೆಟ್ಟದ್ದು ಇಳಿಯುವವನಿಗೂ ಕಾಣುತ್ತಿತ್ತು. ವಿಕಿರಣಕ್ಕೆ ಅಂಥ ದೀಪವಿಲ್ಲ. ಅದು ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು. ಅಳೆಯುವ ಯಂತ್ರ ಇರುವುದು ಮೇಲಿನವರ ಕೈಯಲ್ಲಿ.

ಇದು ರಷ್ಯಾದ ಹಳೆಯ ಕತೆಯಷ್ಟೇ ಅಲ್ಲ. ಕಾಳಿ ನದಿ ದಂಡೆಯ ಕೈಗಾ ಸ್ಥಾವರದಲ್ಲಿ 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಇದ್ದ ಭಾರಜಲ ಸೇರಿತ್ತು. ಐವತ್ತರಷ್ಟು ನೌಕರರ ದೇಹಕ್ಕೆ ಅದು ಹೋಗಿದ್ದು ತಿಳಿದದ್ದು ಮಾಮೂಲಿ ಮೂತ್ರ ಪರೀಕ್ಷೆಯಲ್ಲಿ, ಕುಡಿದ ಮೇಲೆ. ಶಿವರಾಮ ಕಾರಂತರು ಕೈಗಾ ಯೋಜನೆಯನ್ನು ವಿರೋಧಿಸಿದರು, 1989ರಲ್ಲಿ ಲೋಕಸಭೆಗೂ ಸ್ಪರ್ಧಿಸಿ ಸೋತರು. ಕನ್ನಡದಲ್ಲಿ ಆ ವಿರೋಧದ ಬರಹ ಸಾಕಷ್ಟಿದೆ, ಇರಬೇಕಾದದ್ದೇ. ಆದರೆ ಆ ಕೂಲರಿನ ಮುಂದೆ ಲೋಟ ಹಿಡಿದು ನಿಂತವನ ಕತೆ ನನ್ನ ಓದಿನಲ್ಲಿ ಇನ್ನೂ ಸಿಕ್ಕಿಲ್ಲ. ಬಿಗೆಲೊ ಎಡವಿದ್ದಾಳೆ ಎಂದು ಹೇಳುವಾಗ ಈ ಕೊರತೆಯೂ ನೆನಪಿರಬೇಕು. ಅವಳು ಆ ಬಾಗಿಲಿನವರೆಗಾದರೂ ಕ್ಯಾಮೆರಾ ಒಯ್ದಿದ್ದಾಳೆ.

ಕೊನೆಯ ದೃಶ್ಯ ಸ್ಮಶಾನದ್ದು. ಬರ್ಲಿನ್ ಗೋಡೆ ಬಿದ್ದಿದೆ, ಮುದಿ ನಾವಿಕರು ಸೇರಿದ್ದಾರೆ, ಫೋರ್ಡ್ ಭಾಷಣ ಮಾಡುತ್ತಾನೆ. ಕ್ಯಾಮೆರಾ ಬಹುಹೊತ್ತು ಅವನ ಮೇಕಪ್ಪಿನ ಸುಕ್ಕುಗಳ ಮೇಲಿರುತ್ತದೆ. ಚಿತ್ರಕಥೆಯ ಮೊದಲ ರೂಪ ಓದಿ ಬದುಕುಳಿದ ನಾವಿಕರು ಆಕ್ಷೇಪಿಸಿದ ಮೇಲೆ ಚಿತ್ರದಲ್ಲಿ ಹೆಸರುಗಳನ್ನು ಬದಲಿಸಲಾಯಿತು. ಹಾಗಾಗಿ ಸಿನಿಮಾ ಮುಗಿದ ಮೇಲೆ ಬೇರೆ ಕಡೆ ಹುಡುಕಿಕೊಂಡು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ: ಬೋರಿಸ್ ಕೊರ್ಚಿಲೋವ್, ಬೋರಿಸ್ ರಿಝಿಕೋವ್, ಯೂರಿ ಒರ್ದೋಚ್ಕಿನ್, ಯೆವ್ಗೆನಿ ಕಶೆಂಕೋವ್, ಸೆಮ್ಯೋನ್ ಪೆಂಕೋವ್, ನಿಕೊಲಾಯ್ ಸಾವ್ಕಿನ್, ವಲೇರಿ ಖರಿತೋನೋವ್, ಯೂರಿ ಪೊವ್‌ಸ್ತ್ಯೇವ್.