ಮರದ ಮೇಲೆ ಕಂಡ ಟೆಲಿವಿಷನ್

ಮಕ್ಕಳ ಕೈಯಿಂದ ಮೊಬೈಲ್ ಬಿಡಿಸುವುದು ಹೇಗೆ ಎಂಬ ಚರ್ಚೆ ನಡೆಯುವಲ್ಲಿ ಒಂದು ಪುಸ್ತಕದ ಹೆಸರು ಆಗಾಗ ಕೇಳಿಬರುತ್ತದೆ. ಅದು ಜಪಾನಿನ ತೆತ್ಸುಕೊ ಕುರೊಯಾನಾಗಿಯವರ ‘ತೊತ್ತೋಚಾನ್’. 1981ರಲ್ಲಿ ಪ್ರಕಟವಾದ ಈ ಬಾಲ್ಯದ ನೆನಪುಗಳು ಕನ್ನಡಕ್ಕೂ ಬಂದಿವೆ. ನಮ್ಮ ಅನೇಕ ಶಿಕ್ಷಕರು ಓದಿ ಮೆಚ್ಚಿದ್ದಾರೆ. ಹಳೆಯ ರೈಲು ಬೋಗಿಗಳಲ್ಲಿ ಪಾಠ, ಮಧ್ಯಾಹ್ನ ತಿರುಗಾಟ, ಮರ ಹತ್ತುವ ಮಕ್ಕಳು. ‘ಸ್ಕ್ರೀನ್ ಇಲ್ಲದ ಶಾಲೆ’ಯ ಜಾಹೀರಾತಿಗೆ ಹೇಳಿ ಮಾಡಿಸಿದಂತಹ ಚಿತ್ರ. ಆದರೆ ಪುಸ್ತಕವನ್ನು ಇನ್ನೊಮ್ಮೆ ನಿಧಾನವಾಗಿ ಓದಿದರೆ ಅದು ಹೇಳುತ್ತಿರುವುದು ಬೇರೆಯೇ ಎಂದು ನನಗನ್ನಿಸುತ್ತದೆ.

ಕಥೆ ಸರಳ. ಒಂದನೇ ತರಗತಿಯಲ್ಲೇ ಶಾಲೆಯಿಂದ ಹೊರಹಾಕಲ್ಪಟ್ಟ ಹುಡುಗಿ ತೊತ್ತೋಚಾನ್. ಪಾಠದ ನಡುವೆ ಕಿಟಕಿಯ ಬಳಿ ನಿಂತು ಬೀದಿಯ ವಾದ್ಯದವರನ್ನು ಕೂಗಿ ಕರೆಯುತ್ತಿದ್ದಳು ಎಂಬುದು ಅವಳ ಅಪರಾಧಗಳಲ್ಲೊಂದು. ಆ ವಾದ್ಯದವರು ಯಾರು? ಅಂಗಡಿಗಳ ಪ್ರಚಾರಕ್ಕಾಗಿ ಬಾರಿಸುತ್ತ ಬರುವವರು. ಅಂದರೆ ವ್ಯಾಪಾರದ ಸದ್ದು ಆಗಲೂ ತರಗತಿಯ ಕಿಟಕಿಯವರೆಗೆ ಬಂದಿತ್ತು. ತಾಯಿ ಅವಳನ್ನು ಟೋಕಿಯೊದ ಜಿಯುಗಾವೊಕದಲ್ಲಿದ್ದ ‘ತೊಮೊಯೆ’ ಶಾಲೆಗೆ ಕರೆದೊಯ್ಯುತ್ತಾಳೆ. ಸೊಸಾಕು ಕೊಬಯಾಶಿ 1937ರಲ್ಲಿ ಕಟ್ಟಿದ ಪುಟ್ಟ ಶಾಲೆ ಅದು. ಮೊದಲ ದಿನ ಮುಖ್ಯೋಪಾಧ್ಯಾಯರು ತಾಯಿಯನ್ನು ಮನೆಗೆ ಕಳುಹಿಸಿ, ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು, ಅವಳ ಮಾತನ್ನು ಸುಮಾರು ನಾಲ್ಕು ಗಂಟೆ ಕೇಳುತ್ತಾರೆ. ಒಮ್ಮೆಯೂ ಆಕಳಿಸುವುದಿಲ್ಲ.

ಈ ಪುಸ್ತಕದಲ್ಲಿ ಟಿ.ವಿ. ಇದೆ ಎಂಬುದನ್ನು ನಾವು ಮರೆಯುತ್ತೇವೆ. ಪೋಲಿಯೊ ಪೀಡಿತನಾದ ಯಾಸುಆಕಿಯನ್ನು ತೊತ್ತೋಚಾನ್ ಏಣಿಯಿಟ್ಟು, ಬೆವರು ಸುರಿಸಿ, ತನ್ನ ಮರಕ್ಕೆ ಹತ್ತಿಸುತ್ತಾಳೆ. ಕೊಂಬೆಯ ಮೇಲೆ ಕುಳಿತ ಆ ಹುಡುಗ, ಅಮೆರಿಕದಲ್ಲಿರುವ ಅಕ್ಕ ತಿಳಿಸಿದ ಟೆಲಿವಿಷನ್ ಎಂಬ ಪೆಟ್ಟಿಗೆಯ ಬಗ್ಗೆ ಹೇಳುತ್ತಾನೆ. ಅದು ಜಪಾನಿಗೆ ಬಂದರೆ ಸುಮೊ ಕುಸ್ತಿಯನ್ನು ಮನೆಯಲ್ಲೇ ನೋಡಬಹುದಂತೆ. ಅಷ್ಟು ದಪ್ಪ ಕುಸ್ತಿಪಟುಗಳು ಪೆಟ್ಟಿಗೆಯೊಳಗೆ ಹೇಗೆ ಹೋಗುತ್ತಾರೆ ಎಂಬುದೇ ಅವಳ ಚಿಂತೆ. ದೂರ ನಡೆಯಲಾಗದವನಿಗೆ ಆ ಪೆಟ್ಟಿಗೆ ಏನೆಂಬುದು ಓಡಾಡುವ ಹುಡುಗಿಗೆ ಆಗ ತಿಳಿಯಲಿಲ್ಲ ಎಂದು ಲೇಖಕಿ ಒಪ್ಪಿಕೊಳ್ಳುತ್ತಾರೆ. ಮುಂದೆ ಅವರೇ ಜಪಾನಿನ ಟಿ.ವಿ.ಯ ಅತ್ಯಂತ ಪರಿಚಿತ ಮುಖಗಳಲ್ಲಿ ಒಬ್ಬರಾದರು. 1976ರಲ್ಲಿ ಆರಂಭವಾದ ಅವರ ಕಾರ್ಯಕ್ರಮದಲ್ಲಿ ಅವರ ಕೆಲಸ ಅತಿಥಿಗಳ ಮಾತು ಕೇಳುವುದು.

ಹಾಗಾದರೆ ತೊಮೊಯೆ ಮಕ್ಕಳನ್ನು ಕಾಪಾಡಿದ್ದು ಯಾವುದರಿಂದ? ಪೆಟ್ಟಿಗೆಯಿಂದಲ್ಲ, ಅವಮಾನದಿಂದ. ಕೊಬಯಾಶಿ ಅವರ ಕ್ರೀಡಾದಿನವನ್ನು ನೋಡಿ. ಕೈಕಾಲು ಬೆಳೆಯದ ತಾಕಾಹಾಶಿ ಎಂಬ ಹುಡುಗ ಎಲ್ಲ ಸ್ಪರ್ಧೆಗಳಲ್ಲೂ ಗೆಲ್ಲುತ್ತಾನೆ. ಗಿಡ್ಡ ದೇಹಕ್ಕೆ ಅನುಕೂಲವಾಗುವ ಆಟಗಳನ್ನೇ ಅವರು ಯೋಚಿಸಿ ಇಟ್ಟಿದ್ದರು. ಬಹುಮಾನವೆಂದರೆ ಮೂಲಂಗಿ, ಸೊಪ್ಪಿನ ಕಟ್ಟು. ತರಕಾರಿ ಹಿಡಿದು ಮನೆಗೆ ಹೋಗಲು ಕೆಲವು ಮಕ್ಕಳಿಗೆ ನಾಚಿಕೆ. ನಿಮ್ಮ ದುಡಿಮೆಯಿಂದ ಮನೆಯವರೆಲ್ಲ ಊಟ ಮಾಡುವುದು ಸಣ್ಣ ಸಂಗತಿಯೇ ಎಂದು ಅವರು ತಿಳಿಹೇಳುತ್ತಾರೆ. ಹರಿದರೂ ಕೊಳೆಯಾದರೂ ಚಿಂತೆಯಿಲ್ಲದಂತಹ ಹಳೆಯ ಬಟ್ಟೆ ಹಾಕಿ ಮಕ್ಕಳನ್ನು ಕಳುಹಿಸಿ ಎಂದು ಪೋಷಕರಿಗೂ ಹೇಳಿದ್ದರು. ರೈಲು ನಿಲ್ದಾಣದಲ್ಲಿ ಒಬ್ಬ ಯುವಕ, ಅಗಿದರೆ ಕಾಯಿಲೆ ಇದೆಯೋ ಇಲ್ಲವೋ ತಿಳಿಸುವ ಮರದ ತೊಗಟೆ ಎಂದು ಮಾರುತ್ತಿದ್ದಾಗ ತೊತ್ತೋಚಾನ್ ಮರುಳಾಗುತ್ತಾಳೆ. ಮುಖ್ಯೋಪಾಧ್ಯಾಯರು ಅವಳಿಗೆ 20 ಸೆನ್ ಸಾಲ ಕೊಡುತ್ತಾರೆ. ಅವಳು ತಂದ ತೊಗಟೆಯನ್ನು ತಾವೂ ಅಗಿದು ನೋಡುತ್ತಾರೆ. ಎಲ್ಲರ ಆರೋಗ್ಯ ತಿಳಿಯಬೇಕೆಂಬ ಅವಳ ಆಸೆಯನ್ನು ನಗೆಪಾಟಲು ಮಾಡುವುದಿಲ್ಲ.

ಮೆಚ್ಚುಗೆಯ ಜೊತೆ ಈ ಪುಸ್ತಕದ ಮಿತಿಗಳನ್ನೂ ಹೇಳಬೇಕು. ಲೇಖಕಿಯ ತಂದೆ ಹೆಸರಾಂತ ಪಿಟೀಲು ವಾದಕ; ಮನೆಯಲ್ಲಿ ಅನುಕೂಲವಿತ್ತು. ಒಂದು ಶಾಲೆ ಬಿಟ್ಟರೆ ಇನ್ನೊಂದು ಖಾಸಗಿ ಶಾಲೆ ಹುಡುಕುವ ಶಕ್ತಿ ಆ ತಾಯಿಗಿತ್ತು. ತೊಮೊಯೆಯಲ್ಲಿ ಸೋತ ಮಗು ಒಂದೂ ಕಾಣಿಸುವುದಿಲ್ಲ. ಕೃತಜ್ಞತೆಯಿಂದ ಬರೆದ ನೆನಪಿಗೆ ಅಂಥ ಮಗು ಕಣ್ಣಿಗೆ ಬೀಳುವುದೂ ಕಷ್ಟ. ನನ್ನನ್ನು ಹೆಚ್ಚು ಕಾಡುವವನು ಮಾಸಾವೊ ಎಂಬ ಕೊರಿಯನ್ ಹುಡುಗ. ದಾರಿಯಲ್ಲಿ ಸಿಕ್ಕ ತೊತ್ತೋಚಾನ್‌ಳಿಗೆ ಅವನು ‘ಕೊರಿಯನ್!’ ಎಂದು ದ್ವೇಷದಿಂದ ಕೂಗುತ್ತಾನೆ. ಜನ ತನ್ನನ್ನು ಬೈಯುವ ಆ ಮಾತು ಒಂದು ಬೈಗುಳವೆಂದೇ ಅವನು ತಿಳಿದಿದ್ದಾನೆ. ಇದನ್ನು ಕೇಳಿ ತೊತ್ತೋಚಾನ್‌ಳ ತಾಯಿ ಕಣ್ಣೀರು ಹಾಕುತ್ತಾಳೆ. ತನ್ನ ಜನರ ಹೆಸರೇ ಬೈಗುಳವಾಗಿ ಕಿವಿಗೆ ಬೀಳುವ ಮಗು ಯಾವ ದೇಶದಲ್ಲೂ ಹೊಸದಲ್ಲ. ಆ ಮಾಸಾವೊನನ್ನು ನಾವು ತೊಮೊಯೆಯ ಬೋಗಿಯೊಳಗೆ ಕಾಣುವುದಿಲ್ಲ. ಅವನು ದಾರಿಯಲ್ಲೇ ಉಳಿಯುತ್ತಾನೆ.

ಇಂದಿನ ಪರ್ಯಾಯ ಶಾಲೆಗಳನ್ನು ಅಳೆಯಬೇಕಾದದ್ದು ಇಲ್ಲಿಂದ. ಮಣ್ಣು, ಮರ, ಕೈಕೆಲಸ, ಟಿ.ವಿ. ಇಲ್ಲದ ಮನೆ ಇವೆಲ್ಲ ಒಳ್ಳೆಯವೇ. ಸ್ಕ್ರೀನ್ ಬೇಡವೆನ್ನುವವರ ಆತಂಕವೂ ಸುಳ್ಳಲ್ಲ. ಮಗುವಿನ ಗಮನವನ್ನೇ ಮಾರುವ ಕಂಪೆನಿಗಳ ಮುಂದೆ ಅಂದಿನ ಬೀದಿ ವಾದ್ಯದವರು ಪಾಪದವರು. ಆದರೆ ಬಾಲ್ಯವನ್ನು ಮಾರುಕಟ್ಟೆಯಿಂದ ಕಾಪಾಡುತ್ತೇವೆನ್ನುವ ಶಾಲೆ, ಆ ಕಾಪಾಡುವಿಕೆಯನ್ನೇ ದುಬಾರಿ ಶುಲ್ಕಕ್ಕೆ ಮಾರುವಾಗ ಏನಾಯಿತು? ಉಳ್ಳವರ ಮಗುವಿಗೆ ಮರ, ಇಲ್ಲದವರ ಮಗುವಿಗೆ ಮೊಬೈಲ್. ತಾಯಿ ತಂದೆ ಇಬ್ಬರೂ ಕೂಲಿಗೆ ಹೋಗುವ ಮನೆಯಲ್ಲಿ ಮೊಬೈಲ್ ಮಗುವನ್ನು ನೋಡಿಕೊಳ್ಳುವ ಅಜ್ಜಿಯಾಗಿದೆ. ಅಲ್ಲಿಗೆ ಹೋಗಿ ಉಪದೇಶ ಮಾಡುವುದು ಸುಲಭ.

ಕೊಬಯಾಶಿ ಮಾಡಿದ್ದರಲ್ಲಿ ಬಹುಪಾಲಿಗೆ ಹೆಚ್ಚು ಹಣ ಬೇಕಿಲ್ಲ. ಮೂಲಂಗಿ ಬಹುಮಾನವನ್ನು ನಮ್ಮ ಯಾವ ಸರಕಾರಿ ಶಾಲೆಯೂ ಕೊಡಬಹುದು. ಗಿಡ್ಡ ಹುಡುಗ ಗೆಲ್ಲುವಂತಹ ಆಟವನ್ನು ಯಾವ ಮೇಷ್ಟರೂ ಯೋಚಿಸಬಹುದು. ಬೇಕಾಗಿರುವುದು ಸಮಯ. ಹತ್ತಾರು ದಾಖಲೆಗಳನ್ನು ತುಂಬುವ ಕೆಲಸದಲ್ಲಿ ಮುಳುಗಿರುವ ಶಿಕ್ಷಕನಿಗೆ ಇಲ್ಲದಿರುವುದೂ ಅದೇ. ಪರ್ಯಾಯ ಶಿಕ್ಷಣದ ಬಗ್ಗೆ ಕಾಳಜಿ ಇರುವವರು ಶಿಕ್ಷಕರಿಗೆ ಆ ಸಮಯವನ್ನು ಕೇಳಿ ಪಡೆಯಬೇಕು. ಹೊಸ ಕ್ಯಾಂಪಸ್ ಕಟ್ಟುವುದಕ್ಕಿಂತ ಅದು ಕಷ್ಟದ ಕೆಲಸ.

1945ರ ವೈಮಾನಿಕ ದಾಳಿಯಲ್ಲಿ ತೊಮೊಯೆ ಸುಟ್ಟುಹೋಯಿತು. ಉರಿಯುತ್ತಿದ್ದ ಬೋಗಿಗಳನ್ನು ನೋಡುತ್ತ ನಿಂತ ಕೊಬಯಾಶಿ, ಮುಂದೆ ಎಂಥ ಶಾಲೆ ಕಟ್ಟೋಣ ಎಂದು ಮಗನನ್ನು ಕೇಳಿದರಂತೆ. ಆ ಪ್ರಶ್ನೆ ಈಗ ನಮ್ಮ ಮುಂದಿದೆ. ಮಗುವನ್ನು ಶಾಲೆಗೆ ಸೇರಿಸಲು ಹೋದಾಗ ಅಲ್ಲಿ ಸ್ಕ್ರೀನ್ ಇದೆಯೇ ಎಂದು ಕೇಳೋಣ. ಅದರ ಜೊತೆ ಇನ್ನೂ ಎರಡು ಮಾತು ಕೇಳೋಣ: ಇಲ್ಲಿ ಮಗುವಿನ ಮಾತನ್ನು ಯಾರು ಎಷ್ಟು ಹೊತ್ತು ಕೇಳುತ್ತಾರೆ? ಮಾಸಾವೊ ಬಂದರೆ ಅವನಿಗೆ ಜಾಗ ಇದೆಯೇ?