ಮೀನಾಳ ಪಾಲಿನ ಮಾವು

ಮರ ಹತ್ತಿ ಮಾವಿನಹಣ್ಣು ಕಿತ್ತವಳು ಮೀನಾ. ಮನೆಯಲ್ಲಿ ಹೆಚ್ಚಿ ಹಂಚಿದಾಗ ದೊಡ್ಡ ಪಾಲು ಸಿಕ್ಕಿದ್ದು ಅವಳ ತಮ್ಮ ರಾಜುವಿಗೆ. ಈ ಕಾರ್ಟೂನು ನೋಡುವಾಗೆಲ್ಲ ನನಗೆ ನಮ್ಮಮ್ಮನ ಅಡುಗೆಮನೆ ನೆನಪಾಗುತ್ತದೆ. ಗಟ್ಟಿ ಮೊಸರು ಅಣ್ಣಂದಿರಿಗೆ, ನೀರುಮಜ್ಜಿಗೆ ನಮಗೆ. ನಿಮ್ಮಲ್ಲೂ ಹಲವರಿಗೆ ಇದು ಹೊಸದಲ್ಲ.

ಸಾರ್ಕ್ ದೇಶಗಳು 1991ರಿಂದ 2000ದವರೆಗಿನ ಹತ್ತು ವರ್ಷಗಳನ್ನು ಹೆಣ್ಣುಮಗುವಿನ ದಶಕವೆಂದು ಸಾರಿದ್ದವು. ಆ ಕಾಲದಲ್ಲಿ ಯುನಿಸೆಫ್ ರೂಪಿಸಿದ ಹುಡುಗಿ ಮೀನಾ. ಅವಳಿಗೆ ರೂಪ ಕೊಟ್ಟವರು ಹೆಸರಾಂತ ಕಲಾವಿದ ರಾಮ್ ಮೋಹನ್. ಭಾರತ, ಬಾಂಗ್ಲಾದೇಶ, ನೇಪಾಳ, ಪಾಕಿಸ್ತಾನ ನಾಲ್ಕಕ್ಕೂ ಒಪ್ಪುವಂಥ ಹೆಸರು, ಉಡುಪು. ಜೊತೆಗೆ ಮಿಠ್ಠು ಎಂಬ ಗಿಣಿ. ಮೀನಾಳನ್ನು ಶಾಲೆಗೆ ಕಳಿಸದಿದ್ದಾಗ ಈ ಗಿಣಿಯೇ ರಾಜುವಿನ ಶಾಲೆಗೆ ಹೋಗಿ ಲೆಕ್ಕ ಕಲಿತು ಬಂದು ಅವಳಿಗೆ ಹೇಳಿಕೊಡುತ್ತದೆ. ಎಂಥ ಚೆಂದದ ಕಲ್ಪನೆ! ಮಕ್ಕಳು ನಗುತ್ತಾರೆ, ನಗುನಗುತ್ತಲೇ ಅನ್ಯಾಯವನ್ನೂ ಗುರುತಿಸುತ್ತಾರೆ. ಭಾಷಣದಿಂದ ಆಗದ ಕೆಲಸ ಇದು.

ಮಾವಿನ ಕತೆಯಲ್ಲಿ ಅಕ್ಕ ತಮ್ಮ ಒಂದು ದಿನ ಕೆಲಸ ಅದಲುಬದಲು ಮಾಡಿಕೊಳ್ಳುತ್ತಾರೆ. ಅವಳು ಹಸು ನೋಡಿಕೊಳ್ಳುತ್ತಾಳೆ, ಇವನು ಮನೆಗೆಲಸ ಮಾಡಿ ಸುಸ್ತಾಗುತ್ತಾನೆ. ರಾತ್ರಿ ಅವಳ ಪಾಲಿನ ಊಟ ಅವನ ತಟ್ಟೆಗೆ ಬಂದಾಗ ಹೊಟ್ಟೆ ತುಂಬುವುದಿಲ್ಲ. ಹಿರಿಯರಿಗೂ ಆಗ ಅರ್ಥವಾಗುತ್ತದೆ.

ತರಗತಿಯಲ್ಲಿ ಇದನ್ನು ತೋರಿಸಿದ ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, ಮೀನಾ ಕೆಲಸ ಮಾಡದಿದ್ರೆ ಅವಳಿಗೆ ಸಮಪಾಲು ಇಲ್ವಾ?" ಎಂದು ಕೇಳಿದಳು. ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ.

ಆಮೇಲೆ ಯೋಚಿಸಿದರೆ ಗಿಣಿಯ ಕತೆಯಲ್ಲೂ ಅದೇ ಕೊರತೆ. ಮೀನಾ ಕೋಳಿಗಳನ್ನು ಎಣಿಸಿ, ಒಂದು ಕಡಿಮೆಯಾದದ್ದನ್ನು ಕಂಡುಹಿಡಿದು, ಕಳ್ಳ ಸಿಕ್ಕಿಬಿದ್ದ ಮೇಲಷ್ಟೇ ಅವಳಿಗೆ ಶಾಲೆಯ ಬಾಗಿಲು ತೆರೆಯುತ್ತದೆ. ರಾಜು ಯಾವ ಕಳ್ಳನನ್ನು ಹಿಡಿದು ಶಾಲೆಗೆ ಸೇರಿದ್ದ? ಗಂಡುಮಗುವಿಗೆ ಹುಟ್ಟಿನಿಂದಲೇ ಬಂದದ್ದನ್ನು ಹೆಣ್ಣುಮಗು ಉಪಯೋಗಕ್ಕೆ ಬಂದು ತೋರಿಸಿ ಗಳಿಸಬೇಕು. ಹಟಮಾರಿ ಅಪ್ಪಂದಿರನ್ನು ಒಪ್ಪಿಸಲು ಹಾಗೆ ಹೆಣೆದಿರಬಹುದು. ಅಂದಿನ ಮಟ್ಟಿಗೆ ಅದು ಜಾಣತನವೇ. ಆದರೆ ಲೆಕ್ಕ ಬಾರದ, ಕಾಯಿಲೆಯ, ಸೋಮಾರಿ ಹುಡುಗಿಗೂ ಹಸಿವಾಗುತ್ತದಲ್ಲ!

ಈಗಲೂ ಮಕ್ಕಳಿಗೆ ಮೀನಾಳನ್ನು ತೋರಿಸುತ್ತೇನೆ. ಮುಗಿದ ಮೇಲೆ ಆ ಹುಡುಗಿಯ ಪ್ರಶ್ನೆಯನ್ನು ನಾನೇ ಕೇಳುತ್ತೇನೆ. ಹುಡುಗರಿಂದಲೂ ಉತ್ತರ ಹೇಳಿಸುತ್ತೇನೆ.