ಅಂಕಿತದ ಅನುವಾದ

ವಚನದ ಕೊನೆಯಲ್ಲಿ ಬರುವ ಅಂಕಿತವನ್ನು ಅನ್ಯಭಾಷೆಗೆ ಒಯ್ಯುವ ಕವಿ ಅದನ್ನು ಹೆಸರೆಂದು ಬಗೆದು ಹಾಗೆಯೇ ಉಳಿಸಬೇಕೆ, ಅಥವಾ ಶಬ್ದವೆಂದು ಬಗೆದು ಅರ್ಥವನ್ನು ಬಿಡಿಸಿಡಬೇಕೆ? ಈ ಪ್ರಶ್ನೆ ನನಗೆ ಗ್ರಂಥಾಲಯದಲ್ಲಿ ಹುಟ್ಟಿದ್ದಲ್ಲ. ಮುಂಬಯಿಯಲ್ಲೇ ಬೆಳೆದ ನನ್ನ ಮಗಳು ಕನ್ನಡವನ್ನು ಆಡಬಲ್ಲಳು, ಓದಲಾರಳು. ಅವಳು ಬಸವಣ್ಣನವರನ್ನು ಮೊದಲು ಕಂಡದ್ದು ಎ. ಕೆ. ರಾಮಾನುಜನ್ನರ ಇಂಗ್ಲಿಷಿನಲ್ಲಿ. ನಾಲ್ಕಾರು ವಚನಗಳನ್ನು ಓದಿ, “ಅಪ್ಪಾ, ಇವು ಯಾವ ಹೊಳೆಗಳು?” ಎಂದಳು.

ರಾಮಾನುಜನ್ (1929–1993) ಮೈಸೂರಿನಲ್ಲಿ ಹುಟ್ಟಿದವರು. ಮನೆಮಾತು ತಮಿಳು, ಊರಮಾತು ಕನ್ನಡ, ಬಾಳಿನ ಉತ್ತರಾರ್ಧ ಶಿಕಾಗೋದಲ್ಲಿ. ಅವರ ‘ಸ್ಪೀಕಿಂಗ್ ಆಫ್ ಶಿವ’ 1973ರಲ್ಲಿ ಪ್ರಕಟವಾಯಿತು. ಅದರಲ್ಲಿ ಬಸವಣ್ಣ, ದೇವರ ದಾಸಿಮಯ್ಯ, ಮಹಾದೇವಿಯಕ್ಕ, ಅಲ್ಲಮಪ್ರಭು ಈ ನಾಲ್ವರಿದ್ದಾರೆ. ದಾಸಿಮಯ್ಯನ ‘ರಾಮನಾಥ’ವನ್ನು ಹೆಸರಾಗಿಯೇ ಉಳಿಸಿದ ಅನುವಾದಕರು ಉಳಿದ ಮೂರು ಅಂಕಿತಗಳಿಗೆ ಇಂಗ್ಲಿಷಿನ ಅರ್ಥವನ್ನು ತೊಡಿಸಿದರು.

ಇವುಗಳಲ್ಲಿ ಅಕ್ಕನ ಅಂಕಿತ ಬಹಳ ಸೊಗಸಾಗಿ ಅರಳಿದೆ. ‘ಚೆನ್ನಮಲ್ಲಿಕಾರ್ಜುನ’ನು ‘ಮಲ್ಲಿಗೆಯಂತೆ ಬೆಳ್ಳಗಿರುವ ಒಡೆಯ’ನಾಗುತ್ತಾನೆ. ‘ಅರ್ಜುನ’ ಎಂದರೆ ಬಿಳಿದು ಎಂಬುದು ನಿಘಂಟು ಬಲ್ಲವರಿಗೆ ವಿದಿತವೇ. ಆದರೆ ಶ್ರೀಶೈಲದ ದೇವರ ಹೆಸರನ್ನು ಹೇಳುವಾಗ ನಮ್ಮಲ್ಲಿ ಎಷ್ಟು ಜನಕ್ಕೆ ಮಲ್ಲಿಗೆಯ ಕಂಪು ಬಂದೀತು? ರೂಢಿಯಿಂದ ಸವೆದ ನಾಣ್ಯದ ಮುದ್ರೆಯನ್ನು ರಾಮಾನುಜನ್ ಮತ್ತೆ ಕಾಣಿಸಿದ್ದಾರೆ. ಅಕ್ಕ ಕರೆಯುವುದು ತನ್ನ ಗಂಡನನ್ನು. ಅವನಿಗೆ ಬಣ್ಣವೂ ಗಂಧವೂ ಒಪ್ಪುತ್ತವೆ. ‘ಚೆನ್ನ’ ಎಂಬ ಅಕ್ಕರೆಯ ಮಾತು ಮಾತ್ರ ದಾರಿಯಲ್ಲಿ ಉದುರಿತು. ಅದನ್ನು ಸಣ್ಣ ನಷ್ಟವೆನ್ನಲಾರೆ.

ಬಸವಣ್ಣನವರ ವಿಷಯ ಬೇರೆ. ‘ಕೂಡುವ ಹೊಳೆಗಳ ಒಡೆಯ’ ಎಂಬುದು ‘ಕೂಡಲಸಂಗಮದೇವ’ ಎಂಬುದಕ್ಕೆ ಅರ್ಥದಲ್ಲಿ ಸರಿ. ಇಂಗ್ಲಿಷಿನಲ್ಲಿ ಕೇಳಲೂ ಗಂಭೀರ. ಆದರೆ ಆ ಹೊಳೆಗಳಿಗೆ ದಡವಿಲ್ಲ. ಅವು ಗಂಗೆ ಯಮುನೆಗಳಾಗಬಹುದು, ಯಾವ ದೇಶದ ನದಿಗಳಾದರೂ ಆಗಬಹುದು. ಕನ್ನಡದ ಹೆಸರಾದರೋ ಕೃಷ್ಣೆಯನ್ನು ಮಲಪ್ರಭೆ ಸೇರುವ ಒಂದು ಊರಿನದು. ಸಂಪ್ರದಾಯದ ಪ್ರಕಾರ ಬಾಲಕ ಬಸವಣ್ಣ ಮನೆ ತೊರೆದು ಆಶ್ರಯ ಪಡೆದದ್ದು ಅಲ್ಲಿ. ಕಲ್ಯಾಣ ಕದಡಿದ ಮೇಲೆ ಹಿಂದಿರುಗಿದ್ದೂ ಅಲ್ಲಿಗೇ. ನಡುವೆ ಬಿಜ್ಜಳನ ಭಂಡಾರ ನೋಡಿಕೊಂಡು ಪರಸ್ಥಳದಲ್ಲಿ ಬಾಳಿದವರು ವಚನ ವಚನದ ಕೊನೆಗೂ ಆ ಊರಿನ ದೇವರನ್ನೇ ಕೂಗಿ ಕರೆದರು. ಆ ಕೂಗಿನಲ್ಲಿ ಸಂಗಮದ ತತ್ತ್ವ ಮಾತ್ರವಲ್ಲ, ವಿಳಾಸವೂ ಇದೆ. ಬ್ಯಾಂಕಿನ ಕಾಗದಪತ್ರಗಳಲ್ಲಿ ‘ಬಾಗಲಕೋಟಿ’, ‘ಗೋಕಾಕ’ ಎಂಬ ಅಡ್ಡಹೆಸರು ಕಂಡಾಗ ನಾನು ಅದರ ವ್ಯುತ್ಪತ್ತಿಯನ್ನು ಯೋಚಿಸುವುದಿಲ್ಲ, ಊರನ್ನು ನೆನೆಯುತ್ತೇನೆ.

ಅಲ್ಲಮನ ‘ಗುಹೇಶ್ವರ’ನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಮಾಸದೊಳಗೆ ಗುಹೆ ಒಂದೋ ಹಲವೋ ತಿಳಿಯದು. ಇಂಗ್ಲಿಷ್ ಅದನ್ನು ಬಹುವಚನಕ್ಕೆ ಕಟ್ಟಿಹಾಕಿತು. ಅಲ್ಲಮನು ಅನಿಮಿಷಯ್ಯನನ್ನು ಕಂಡ ಆ ಒಂದು ನೆಲದಡಿಯ ಗುಡಿ ಹಲವು ಗವಿಗಳಾಗಿ ಚೆದರಿತು. ಅಲ್ಲಮನ ವಚನವೊಂದರ ಅನುವಾದವನ್ನು ತೇಜಸ್ವಿನಿ ನಿರಂಜನ ಅವರು 1992ರ ತಮ್ಮ ಗ್ರಂಥದಲ್ಲಿ ಕಟುವಾಗಿ ವಿಮರ್ಶಿಸಿ, ಅದು ವಚನವನ್ನು ಪಾಶ್ಚಾತ್ಯ ಅಭಿರುಚಿಗೆ ಒಗ್ಗಿಸುತ್ತದೆಂದು ಆಕ್ಷೇಪಿಸಿದ್ದಾರೆ. ನಾನು ಅಷ್ಟು ದೂರ ಹೋಗಲಾರೆ. ‘ಸ್ಥಾವರ’, ‘ಜಂಗಮ’ಗಳನ್ನು ನಿಲ್ಲುವ, ಚಲಿಸುವ ಎಂಬ ಬಳಕೆಯ ಇಂಗ್ಲಿಷಿನಲ್ಲಿ ಇಟ್ಟು, ಅವುಗಳ ಧಾತುಗಳಿಗೂ ಇಂಗ್ಲಿಷಿನ ಮಾತುಗಳಿಗೂ ಇರುವ ನಂಟನ್ನೂ, ಜಂಗಮನೆಂಬ ಸಂಚಾರಿಯನ್ನೂ ಪೀಠಿಕೆಯಲ್ಲಿ ಸಾವಧಾನವಾಗಿ ವಿವರಿಸಿದವರು ಪರದೇಶದ ಓದುಗನನ್ನು ಬರಿದೆ ಓಲೈಸಿದರೆನ್ನುವುದು ನ್ಯಾಯವಾಗದು.

ಮಗಳಿಗೆ ನಕ್ಷೆಯಲ್ಲಿ ಎರಡು ನದಿಗಳನ್ನೂ ತೋರಿಸಿದೆ. ಅವಳು ಒಂದು ಅನುವಾದವನ್ನು ತೆಗೆದುಕೊಂಡು, ಕೊನೆಯಲ್ಲಿ ‘ಕೂಡಲಸಂಗಮದೇವಾ’ ಎಂದು ಸೇರಿಸಿ ಗಟ್ಟಿಯಾಗಿ ಓದಿದಳು. ಇಂಗ್ಲಿಷಿನ ಸಾಲು ಕುಂಟಿತು. ರಾಮಾನುಜನ್ ಲಯ ಬಲ್ಲ ಕವಿ; ಆ ಕುಂಟು ಅವರಿಗೂ ಕೇಳಿಸಿದ್ದಿರಬೇಕು.